ರುದ್ರವ್ವನ ಮೂರು ತೂತಿನ ಡೀವೀಡಿ

ಪುಣೆಯ ಧನಕವಡಿಯಲ್ಲಿ ಇಷ್ಟು ವರ್ಷ ಇದ್ದೆ. ಧನವೂ ಕಾಣಲಿಲ್ಲ, ಕವಡಿಯೂ ಕಾಣಲಿಲ್ಲ. ಕಂಡದ್ದು ರುದ್ರವ್ವನ ಖಾನಾವಳಿ ಒಂದೇ. ನಾನು ಗುಮಾಸ್ತನಾಗಿರುವ ಕಾಲೇಜಿನ ಹಿಂದಿನ ಓಣಿಯಲ್ಲಿ, ಝೆರಾಕ್ಸ್ ಅಂಗಡಿಗೂ ಪಂಕ್ಚರ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಉದ್ದನೆಯ ಕೋಣೆ. ಒಳಗೆ ಖಾನಾ, ಹೊರಗೆ ಹುಡುಗರ ಹಾವಳಿ. ಎರಡೂ ಸೇರಿ ಖಾನಾವಳಿ.

ಒಳಗೆ ರುದ್ರವ್ವ ಜೋಳದ ರೊಟ್ಟಿ ಬಡಿಯುತ್ತಾರೆ. ಹೊರಗೆ ಗಲ್ಲಾದ ಮುಂದೆ ಕೂತು ಅವರ ಗಂಡ ಮಲಕಪ್ಪ ಸ್ಟೀಲ್ ಲೋಟ ಬಡಿಯುತ್ತಾರೆ. ಒಂದು ಸಲ ಬಡಿದರೆ ರೊಟ್ಟಿ. ಎರಡು ಸಲ ಬಡಿದರೆ ಪಲ್ಯ. ಬಡಿಯುತ್ತಲೇ ಇದ್ದರೆ ಯಾರೋ ಕೈ ತೊಳೆದುಕೊಂಡು ಹಂಗೇ ಹೊರಟಿದ್ದಾರೆ ಅಂತ ಅರ್ಥ.

ಮೊದಲು ಲೋಟದ ಕೆಲಸ ಇರಲಿಲ್ಲ, ಧ್ವನಿ ಇತ್ತು. "ಏ ಇಕೀ, ಬಿಸಿ ರೊಟ್ಟಿ ಬರ್ಲೀ" ಅಂತ ಮಲಕಪ್ಪ ಕೂಗಿದರೆ ಪಂಕ್ಚರ್ ಅಂಗಡಿಯ ಟ್ಯೂಬುಗಳ ಗಾಳಿ ತಾನಾಗಿ ಇಳಿಯುತ್ತಿತ್ತು. ಹೆಂಡತಿಯನ್ನು ಅವರು ಕರೆದದ್ದು ಯಾವಾಗಲೂ 'ಇಕಿ' ಅಂತ. ಹೆಂಡತಿ ಅವರಿಗೆ ಅಂದದ್ದು 'ಮನ್ಯಾರು' ಅಂತ. ಚಿಕ್ಕೋಡಿ ಕಡೆಯ ಹಳೇ ಮಂದಿ. ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಸುಮ್ಮಸುಮ್ಮನೆ ಎತ್ತುವಂತಿಲ್ಲ. ಹೋದ ವರ್ಷ ಗಂಟಲಲ್ಲಿ ಗಂಟು ಬಂತು. ಡಾಕ್ಟರು ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಕುತ್ತಿಗೆಯ ತೂತಿನ ಮೇಲೆ ಒಂದು ಬಿಳಿ ಬಟ್ಟೆ ಕಟ್ಟಿಕೊಂಡು, ಆಸ್ಪತ್ರೆಯಿಂದ ಬಂದ ಎಂಟು ದಿನದಲ್ಲಿ ಮಲಕಪ್ಪ ಗಲ್ಲಾಕ್ಕೆ ಬಂದು ಕೂತರು. ಕೈಗೆ ಸಿಕ್ಕದ್ದು ಲೋಟ.

ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ರುದ್ರವ್ವ ಹಿಟ್ಟಿನ ಕೈಯಲ್ಲೇ ನನ್ನ ಮೇಜಿನ ಹತ್ತಿರ ಬಂದರು.

"ಸರ, ನಿಮ್ಮಷ್ಟು ಇಂಗ್ಲಿಷ್ ಕಲ್ತವ್ರು ನಮ್ಮ ಗಿರಾಕಿಯೊಳಗ ಯಾರಿಲ್ಲ. ನನಗೊಂದು ಡೀವೀಡಿ ಪ್ಲೇಯರ್ ಕೊಡಸ್ರಿ."

"ಈಗ ಡೀವೀಡಿ ಯಾರ್ ನೋಡ್ತಾರ್ರಿ ಅಕ್ಕಾರ? ಎಲ್ಲಾ ಫೋನಿನ್ಯಾಗ ಬರ್ತದಲ್ಲ."

"ನಮ್ಮ ದೀಪಾಲಿ ಮದುವಿ ಬರ್ತದೇನ್ರಿ ಫೋನಿನ್ಯಾಗ?"

ಬರುವುದಿಲ್ಲ ಅಂತ ಒಪ್ಪಿಕೊಂಡೆ. ದೀಪಾಲಿ ಅವರ ಮಗಳು. ಸೊಲ್ಲಾಪುರದಲ್ಲಿದ್ದಾಳೆ, ಮದುವೆಯಾಗಿ ಎಷ್ಟೋ ವರ್ಷವಾಯಿತು. ರುದ್ರವ್ವ ಗಲ್ಲಾದ ಕಡೆ ಒಮ್ಮೆ ನೋಡಿ ದನಿ ಇಳಿಸಿದರು.

"ಇವರ ಧ್ವನಿ ನನಗ ಮರ್ಯಾಕ ಹತ್ತೇದ ನೋಡ್ರಿ. ಮೊನ್ನೆ ರೊಟ್ಟಿ ಬಡಿಯೂಮುಂದ ನೆನಸ್ಕೊಂಡೆ. ಆಡಿದ ಮಾತು ನೆನಪಾತು, ಬೈದದ್ದು ನೆನಪಾತು, ಧ್ವನಿ ಮಾತ್ರ ಕಿವಿಗೆ ಬರವಲ್ತು. ಆ ಸೀಡಿಯೊಳಗ ಇರ್ತದ. ಒಂದ್ ಸಲ ಕೇಳಬೇಕು."

ಯಾರ ಧ್ವನಿ ಮರೆತುಹೋಗುತ್ತಿತ್ತೋ ಅವರು ಎದುರಿಗೇ ಕೂತು ಚಿಲ್ಲರೆ ಜೋಡಿಸುತ್ತಿದ್ದರು.

ಸೀಡಿಯನ್ನು ನನಗೆ ಕೊಡಿ, ಎಲ್ಲಾದರೂ ಫೋನಿಗೆ ಇಳಿಸಿಕೊಂಡು ಬರುತ್ತೇನೆ ಅಂದೆ. ಅದಕ್ಕೆ ಅವರು ಒಪ್ಪಲಿಲ್ಲ. ಹಿಂದೆ ಇದೇ ಮದುವೆಯ ಕ್ಯಾಸೆಟ್ಟೂ ಒಂದಿತ್ತಂತೆ. ಕಾಪಿ ಮಾಡಿಸಿಕೊಡುತ್ತೇನೆಂದು ಬಾಜೂ ಮನೆಯ ಗೋದಾ ಒಯ್ದಳು. ಗೋದಾಗೆ ಕೊಟ್ಟದ್ದು ಗೋದಾನ. ತಿರುಗಿ ಬರುವ ಮಾತಿಲ್ಲ. ಅಂದಿನಿಂದ ಸೀಡಿ ಖಾನಾವಳಿಯ ಹಿಂಭಾಗದ ಮನೆಯಲ್ಲಿ, ದೇವರ ಜಗಲಿಯ ಕೆಳಗಿನ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇದೆ. ಹೊಸ್ತಿಲು ದಾಟುವುದಿಲ್ಲ.

"ಮದಲ ಒಂದು ಪ್ಲೇಯರ್ ಇತ್ತಲ್ಲ ಅಕ್ಕಾರ?"

ಗಲ್ಲಾದಿಂದ ಮಲಕಪ್ಪ ಮೂರು ಬೆರಳು ಎತ್ತಿ ಹಣೆಗೆ ವಿಭೂತಿ ಹಚ್ಚಿಕೊಳ್ಳುವ ಸನ್ನೆ ಮಾಡಿ, ಹೆಂಡತಿಯ ಕಡೆ ತೋರಿಸಿದರು. ಆಮೇಲೆ ಕಥೆ ಗೊತ್ತಾಯಿತು. ಒಂದು ಖಂಡೇನವಮಿಯ ದಿನ ರುದ್ರವ್ವ ಹಂಚು, ಹಿಟ್ಟು ನಾದುವ ಕೊಣಮಿಗೆ, ಮಿಕ್ಸರು, ಸ್ಕೂಟರು ಎಲ್ಲಕ್ಕೂ ಪೂಜೆ ಮಾಡುತ್ತಾ ಪ್ಲೇಯರಿನ ಹತ್ತಿರ ಬಂದರು. ಗುಂಡಿ ಒತ್ತಿದರೆ ಅದು ನಾಲಿಗೆ ಹೊರಗೆ ಚಾಚಿತು. ಪ್ರಸಾದ ಕೇಳುತ್ತದೆ ಅನ್ನಿಸಿತು. ನಾಲಿಗೆಯ ಮೇಲೆ ವಿಭೂತಿ, ಕುಂಕುಮ, ಹಿಡಿ ಅಕ್ಷತೆ, ಒಂದು ಚೆಂಡುಹೂವು ಇಟ್ಟು ಕೈ ಮುಗಿದರು. ಅದು ನಾಲಿಗೆ ಒಳಗೆಳೆದುಕೊಂಡಿತು. ಮತ್ತೆ ಬಾಯಿ ತೆರೆಯಲಿಲ್ಲ.

"ದೇವರು ಒಪ್ಪಿಕೊಂಡ" ಅಂದರು ರುದ್ರವ್ವ, ನಗದೆ.

ಹೀಗೆ ಪ್ಲೇಯರ್ ಆರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಭಾನುವಾರ ಒಂದು ದೊಡ್ಡ ಮಾಲಿಗೆ ಹೋದೆ. ಇದ್ದದ್ದೇ ಒಂದು, ತೆಳ್ಳಗೆ, ಕರ್ರಗೆ, ದೊಡ್ಡ ಮನೆತನದ ಹುಡುಗಿಯ ಹಾಗೆ. ಡಬ್ಬಿಯ ಮೇಲಿನ ಇಂಗ್ಲಿಷನ್ನು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಉಚ್ಚಾರದಲ್ಲಿ ಒಂದಕ್ಷರ ಬಿಡದೆ ಓದಿ, ಮೆಚ್ಚಿ, ತಂದೆ. ಖಾನಾವಳಿಯಲ್ಲಿ ಸ್ಟೂಲು ಹತ್ತಿ ಟೀವಿಯ ಬೆನ್ನು ನೋಡಿದಾಗ ಸಂಕಟ ಶುರುವಾಯಿತು.

ಆ ಟೀವಿಯ ಬಗ್ಗೆ ಹೇಳಬೇಕು. ಹಳೇ ಡಬ್ಬಾ ಟೀವಿ, ಮುಂದೆ ಹೊಟ್ಟೆ, ಹಿಂದೆ ಬೆನ್ನು. ಹುಡುಗರು ಕ್ರಿಕೆಟ್ಟಿನ ಸಿಟ್ಟಿಗೆ ಲೋಟ ಎಸೆಯುತ್ತಾರೆಂದು ಮಲಕಪ್ಪ ಅದಕ್ಕೆ ಕಬ್ಬಿಣದ ಪಂಜರ ಮಾಡಿಸಿ ಗೋಡೆಗೆ ಬೆಸುಗೆ ಹಾಕಿಸಿದ್ದರು. ಒಳಗಿನದು ಸಾಯುವತನಕ ಬಿಡುಗಡೆ ಇಲ್ಲ. ಅದರ ಬೆನ್ನಿಗೆ ಇದ್ದದ್ದು ಮೂರೇ ಮೂರು ದುಂಡನೆಯ ತೂತು: ಹಳದಿ, ಕೆಂಪು, ಬಿಳಿ. ನಾನು ತಂದ ಸುಂದರಿಯ ಬೆನ್ನಿಗೆ ಇದ್ದದ್ದು ಒಂದೇ ಒಂದು ಚಪ್ಪಟೆ ಸೀಳು. ಜಾತಕ ಕೂಡಲಿಲ್ಲ.

"ಹುಡುಗಿ ಛಲೋ ಅದ ಸರ, ಆದ್ರ ನಮ್ಮ ಮನಿಗೆ ಹೊಂದೂದಿಲ್ಲ" ಅಂದರು ರುದ್ರವ್ವ. ಮಲಕಪ್ಪ ಲೋಟ ಎತ್ತಿ, ಬಡಿಯದೆ, ಕೆಳಗಿಟ್ಟರು. ಅವರಿಗೆ ಈ ಉಸಾಬರಿಯೇ ಬೇಡವಾಗಿತ್ತು.

ಮಾಲಿನವರು ಮುಖ ಸೊಟ್ಟ ಮಾಡಿಕೊಂಡು ವಾಪಸು ತಗೊಂಡರು. ಮುಂದಿನ ಸಲ ರುದ್ರವ್ವನೇ ನನ್ನ ಜೊತೆ ಹೊರಟರು, ಬುಧವಾರ ಪೇಠೆಯ ತಾಪಕೀರ ಗಲ್ಲಿಗೆ. ವೈರು, ಬಲ್ಬು, ಮೋಟರು, ಸ್ಪೀಕರುಗಳ ಗಲ್ಲಿ, ಏಪ್ರಿಲ್ ಬಿಸಿಲು. ಹೆಸರಿನಲ್ಲೇ ತಾಪ ಇರುವ ಕಡೆಗೆ ಬೇಸಿಗೆಯಲ್ಲಿ ಹೋಗಬಾರದು ಅಂತ ಬುದ್ಧಿ ಬರುವಷ್ಟರಲ್ಲಿ ಅರ್ಧ ಗಲ್ಲಿ ಮುಗಿದಿತ್ತು. ಒಂದೊಂದು ಅಂಗಡಿಯಲ್ಲೂ ನಮ್ಮನ್ನು ನೋಡುವ ಪರಿ ಒಂದೇ: ಸತ್ತವರ ವಿಳಾಸ ಕೇಳಿಕೊಂಡು ಬಂದವರನ್ನು ನೋಡುವ ಹಾಗೆ.

"ಡೀವೀಡಿ ಆತಾ ಕೋಣ್ ಘೇತಂ, ಕಾಕೂ?" ಅಂದ ಒಬ್ಬ ಅಂಗಡಿಯವ. ಈಗ ಡೀವೀಡಿ ಯಾರು ತಗೊಳ್ಳುತ್ತಾರೆ ಅಂತ. ಕೋಣ್ ಅಂದರೆ ಮರಾಠಿಯಲ್ಲಿ ಯಾರು. ಕನ್ನಡದಲ್ಲಿ, ಆ ಬಿಸಿಲಲ್ಲಿ ಡೀವೀಡಿ ಹುಡುಕುತ್ತಾ ನಿಂತ ನಾನು.

ಅವನು ಹೊಸ ಟೀವಿ ತಗೊಳ್ಳಿ ಅಂದ. ರುದ್ರವ್ವನ ಮರಾಠಿಯಲ್ಲಿ ಬಾಲ ಮಾತ್ರ ಮರಾಠಿಯದು, ಮೈಯೆಲ್ಲಾ ಕನ್ನಡ. "ಟೀವಿ ಛಲೋ ಆಹೇ. ಕಶಾಲಾ ಒಗಾಯಚಂ?" ಅಂದರು. ಚೆನ್ನಾಗಿದೆ, ಯಾಕೆ ಬಿಸಾಡಬೇಕು? ಪುಣೆಯವನಿಗೆ ಅಷ್ಟೂ ಅರ್ಥವಾಯಿತು. ಆಗ ಅವನು ಇನ್ನೊಂದು ದಾರಿ ತೋರಿಸಿದ: ಹೊಸ ಪ್ಲೇಯರು, ಅದಕ್ಕೊಂದು ವೈರು, ಆ ವೈರಿಗೆ ಬೆಂಕಿಪೊಟ್ಟಣದಂಥ ಒಂದು ಡಬ್ಬಿ, ಡಬ್ಬಿಯಿಂದ ಟೀವಿಗೆ ಮೂರು ವೈರು, ಡಬ್ಬಿಗೆ ಕರೆಂಟು ಕೊಡಲು ಇನ್ನೊಂದು ವೈರು.

"ಬೀಗರ ಕಡೆಯವ್ರು ಭಾಳಾದ್ರು" ಅಂದರು ರುದ್ರವ್ವ, ನನ್ನ ಕಡೆ ತಿರುಗಿ. "ಹಳೇದು ಇಲ್ಲೇನು ಕೇಳ್ರಿ."

ಇತ್ತು. ಅಟ್ಟದಿಂದ ಒಂದನ್ನು ಇಳಿಸಿ ಬನಿಯನ್ ತುಂಡಿನಿಂದ ಒರೆಸಿದ. ದಪ್ಪಗೆ, ಬೂದುಬಣ್ಣ, ಯಾರದೋ ಮನೆಯ ಸ್ಟಿಕ್ಕರು ಹಂಗೇ ಅಂಟಿತ್ತು. ಎಮ್ಮೆ ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ರುದ್ರವ್ವ ಅದನ್ನು ತಿರುಗಿಸಿ ಬೆನ್ನು ನೋಡಿದರು. ಹಳದಿ, ಕೆಂಪು, ಬಿಳಿ. ಒಂದೊಂದರೊಳಗೂ ಕಿರುಬೆರಳು ಆಡಿಸಿ "ಹೂಂ" ಅಂದರು. ಅಂಗಡಿಯವ ತನ್ನದೊಂದು ಸಿನಿಮಾ ಹಾಕಿ ತೋರಿಸಿದ, ಓಡಿತು. ನಿಮ್ಮ ಸೀಡಿ ಇದ್ದರೆ ಅದನ್ನೂ ಹಾಕಿ ನೋಡೋಣ ಅಂದ. ಸೀಡಿ ಟ್ರಂಕಿನಲ್ಲಿತ್ತು. ಇದ್ದಿದ್ದರೂ ಕೊಡುತ್ತಿರಲಿಲ್ಲ.

"ಮಂದಿ ಮುಂದ ಬ್ಯಾಡ" ಅಂದರು.

ಮರುದಿನ ಮಧ್ಯಾಹ್ನ, ಹುಡುಗರೆಲ್ಲ ಹೋದ ಮೇಲೆ ಖಾನಾವಳಿಯ ಶಟರ್ ಅರ್ಧ ಇಳಿಸಿದೆವು. ಪಂಜರದ ಸಂದಿನಲ್ಲಿ ಕೈ ತೂರಿಸಿ, ಮೂರು ತೂತಿನಲ್ಲಿ ಆಗಲೇ ಕೂತಿದ್ದ ಕೇಬಲ್ ಡಬ್ಬಿಯ ವೈರು ಕಿತ್ತು ಪ್ಲೇಯರಿನದು ಚುಚ್ಚುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಇಳಿದು ನೋಡಿದರೆ ರುದ್ರವ್ವ ವಿಭೂತಿ ಗಟ್ಟಿ ಹಿಡಿದು ನಿಂತಿದ್ದಾರೆ. ನಾನು ಪ್ಲೇಯರಿಗೆ ಅಡ್ಡ ನಿಂತೆ.

"ಅಂಜಬ್ಯಾಡ್ರಿ" ಅಂದು ಅವರು ಪ್ಲೇಯರ್ ತಂದ ಖಾಲಿ ರಟ್ಟಿನ ಡಬ್ಬಿಗೆ ಮೂರು ಬೆರಳು ಎಳೆದು ಕೈ ಮುಗಿದರು.

ಸೀಡಿ ರೇಷ್ಮೆ ಸೀರೆಯಿಂದ ಹೊರಬಂದು ಪ್ಲೇಯರಿನೊಳಗೆ ಹೋಯಿತು. ಚಿತ್ರ ಬಂತು, ಬಣ್ಣ ಬರಲಿಲ್ಲ. ಸೆಟ್ಟಿಂಗಿನಲ್ಲಿ ಏನೇನೋ ಒತ್ತಿದೆ. ದೀಪಾಲಿಯ ಧಾರೆ ಸೀರೆ ಬೂದಿ ಬಣ್ಣದ್ದೇ ಆಗಿ ಉಳಿಯಿತು.

"ಇರ್ಲಿ ಬಿಡ್ರಿ, ಬಣ್ಣ ನೋಡಾಕ ಕುಂತಿಲ್ಲ" ಅಂದರು.

ಮಲಕಪ್ಪ ಗಲ್ಲಾ ಬಿಟ್ಟು ಏಳಲಿಲ್ಲ. ಬೆನ್ನು ಕೊಟ್ಟು ಕೂತಿದ್ದರು, ಕಿವಿ ಮಾತ್ರ ಇತ್ತ ಇತ್ತು.

ಆಗ ಗೊತ್ತಾಯಿತು ವಿಡಿಯೋದವನ ಕರಾಮತ್ತು. ಆ ಕಾಲದ ಎಲ್ಲ ಮದುವೆಗಳ ಹಾಗೆ ಇಲ್ಲೂ ಅವನು ಮಂದಿಯ ಮಾತನ್ನೆಲ್ಲಾ ತೆಗೆದು ಮೇಲೊಂದು ಸಿನಿಮಾ ಹಾಡು ಎಳೆದಿದ್ದ. ಮಂತ್ರ ಹೇಳುವ ಸ್ವಾಮಿಗಳ ಬಾಯಲ್ಲೂ ಹಿಂದಿ ಹಾಡು, ಅಳುವ ಹೆಣ್ಣಿನ ಬಾಯಲ್ಲೂ ಹಿಂದಿ ಹಾಡು. ಪಂಕ್ತಿಯ ನಡುವೆ ಮಲಕಪ್ಪ ಬಂದರು. ಕರೀ ಮೀಸೆ, ಹೆಗಲಿಗೆ ಟವೆಲ್ಲು. ಕೈ ಬೀಸಿ ಏನೋ ದೊಡ್ಡದಾಗಿ ಕೂಗುತ್ತಿದ್ದಾರೆ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಕೇಳುವುದು ಹಾಡು.

"ಅಲ್ಲಿನೂ ಮೂಕರs ಆಗ್ಯಾರಲ್ರಿ" ಅಂದರು ರುದ್ರವ್ವ.

ರಿಮೋಟು ಹಿಡಿದು ಮುಂದೆ ಓಡಿಸಿದೆ. ಆರತಿ, ಹಾಡು. ಉಡುಗೊರೆ, ಹಾಡು. ಎರಡು ಸಲ ಮಲಕಪ್ಪ ಬಂದರು, ಎರಡು ಸಲವೂ ಹಾಡು. ರುದ್ರವ್ವ ಬೆಂಚಿನ ಮೇಲೆ ಕೂತು ಕೈಯ ಒಣಹಿಟ್ಟು ಉಜ್ಜಿ ಉಜ್ಜಿ ಉದುರಿಸುತ್ತಿದ್ದರು. "ಸಾಕು ಬಿಡ್ರಿ ಸರ, ನಿಮ್ಮ ಆಫೀಸ್ ಹೊತ್ತಾತು" ಅಂದರು. ನನಗೂ ಸಾಕಾಗಿತ್ತು. ನಿಲ್ಲಿಸಲು ಗುಂಡಿ ಹುಡುಕುತ್ತಿರುವಾಗ ಹಾಡು ತಾನಾಗಿ ನಿಂತಿತು.

ಹೊಸ್ತಿಲ ದೃಶ್ಯ. ಅಳಿಯನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಂತು, ಗಂಡ ಹೆಂಡತಿ ಒಬ್ಬರ ಹೆಸರನ್ನು ಒಬ್ಬರು ಹೇಳದೆ ಒಳಗೆ ಬಿಡುವುದಿಲ್ಲ ಅನ್ನುತ್ತಿದ್ದಾರೆ. ವರ್ಷವಿಡೀ ಎತ್ತದ ಹೆಸರನ್ನು ಆ ಹೊತ್ತಿಗೆ ಪ್ರಾಸ ಕಟ್ಟಿ, ಒಡಪಿನೊಳಗೆ ಇಟ್ಟು, ಎಲ್ಲರ ಮುಂದೆ ಹೇಳಬೇಕು. ಆ ಹೊತ್ತಿನಲ್ಲಿ ಹಾಡು ಹಾಕಿದ್ದರೆ ಹೆಂಗಸರು ವಿಡಿಯೋದವನ ಕ್ಯಾಮೆರಾ ಕಸಿದುಕೊಳ್ಳುತ್ತಿದ್ದರು. ಅವನು ಬುದ್ಧಿವಂತ, ಮಾತು ಹಂಗೇ ಬಿಟ್ಟಿದ್ದ. ದೀಪಾಲಿ ಗಂಡನ ಹೆಸರು ಹೇಳಿದಳು. ಅಳಿಯ ದೀಪಾಲಿಯ ಹೆಸರು ಹೇಳಿದ. ಆಮೇಲೆ ಯಾವಳೋ ಜೋರಿನವಳು, "ಹೆಣ್ಣಿನ ಅಪ್ಪನೂ ಹೇಳ್ಲಿ, ಬಿಡಬ್ಯಾಡ್ರಿ" ಅಂದಳು. ಗದ್ದಲ, ನಗು. ಟವೆಲ್ಲಿನ ಮಲಕಪ್ಪನನ್ನು ಎಳೆದು ತಂದು ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಅವರು ಗಂಟಲು ಸರಿಮಾಡಿಕೊಂಡರು. ಆ ಸದ್ದೂ ಕೇಳಿಸಿತು.

"ಹಂಚಿನ ಮ್ಯಾಲ ರೊಟ್ಟಿ ಉಬ್ಬಿತವ್ವ ಉಬ್ಬಿತವ್ವ,
ಅದಕಿಂತ ಜಾಸ್ತಿ ಉಬ್ಬಾಕಿ ನಮ್ಮ ರುದ್ರವ್ವ."

ಟೀವಿಯಲ್ಲಿ ಎಲ್ಲರೂ ನಕ್ಕರು. ಹಾಡು ಮತ್ತೆ ಶುರುವಾಯಿತು.

"ಹಿಂದಕ ಹೊಳ್ಳಸ್ರಿ ಸರ" ಅಂದರು ರುದ್ರವ್ವ.

ಹೊಳ್ಳಿಸಿದೆ. ಕೇಳಿದರು. ಇನ್ನೊಮ್ಮೆ ಅಂದರು. ಇನ್ನೊಮ್ಮೆ.

"ಹಿಂಗಿತ್ತೇನು" ಅಂದರು ಕಡೆಗೆ. "ಇನ್ನೊಂಚೂರು ದಪ್ಪ ಇತ್ತಂತ ಮಾಡಿದ್ದೆ. ಇರ್ಲಿ, ಇದs ಖರೇ."

ಮತ್ತೊಮ್ಮೆ ಹೊಳ್ಳಿಸಿ ತಿರುಗಿ ನೋಡಿದೆ. ಮಲಕಪ್ಪ ಯಾವಾಗಲೋ ಈ ಕಡೆ ಮುಖ ಮಾಡಿದ್ದರು. ಟೀವಿಯಲ್ಲಿ ಒಡಪು ಬರುವ ಹೊತ್ತಿಗೆ ಅವರ ತುಟಿಯೂ ಆಡುತ್ತಿತ್ತು. ನಾನು ನೋಡುವುದನ್ನು ಕಂಡು ಲೋಟ ತೆಗೆದುಕೊಂಡು ಸುಮ್ಮನೆ ಒರೆಸತೊಡಗಿದರು.

ಮರುದಿನ ಊಟಕ್ಕೆ ಹೋದಾಗ ಖಾನಾವಳಿ ತುಂಬಿತ್ತು. ಪ್ಲೇಯರಿನ ವೈರು ಟೀವಿಯಲ್ಲೇ ಇತ್ತು, ಸೀಡಿಯೂ ನಿನ್ನೆ ನಿಂತಲ್ಲೇ ಇತ್ತು. ಇವತ್ತು ಕ್ರಿಕೆಟ್ಟು ಇಲ್ಲವೆಂದು ಹುಡುಗರು ಗೊಣಗುತ್ತಿದ್ದರು. ನನ್ನ ತಾಟಿನಲ್ಲಿ ರೊಟ್ಟಿ ಮುಗಿದದ್ದು ನೋಡಿ ಮಲಕಪ್ಪ ಲೋಟ ಬಡಿದರು. ಒಳಗಿನಿಂದ ಯಾರೂ ಬರಲಿಲ್ಲ. ಮತ್ತೆ ಬಡಿದರು. ಅಡುಗೆಮನೆಯ ಬಾಗಿಲಲ್ಲಿ ರುದ್ರವ್ವ ಕಾಣಿಸಿಕೊಂಡರು, ಕೈಯಲ್ಲಿ ಹಬೆಯಾಡುವ ರೊಟ್ಟಿ.

"ಲೋಟಕ್ಕ ಯಾಕ ಬರ್ಲಿ? ಹೆಸರು ಹಿಡದು ಕರೀರಿ, ತರ್ತೀನಿ."

ಹುಡುಗರು ತಿನ್ನುವುದು ನಿಲ್ಲಿಸಿ ನೋಡಿದರು. ಮಲಕಪ್ಪ ಲೋಟ ಕೆಳಗಿಟ್ಟರು. ಗಲ್ಲಾದ ಖಾನೆ ಎಳೆದು, ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರು ಹಾಕಿದ್ದ ಪ್ಲೇಯರಿನ ರಿಮೋಟು ತೆಗೆದು, ಟೀವಿಯ ಪಂಜರದ ಕಡೆಗೆ ಚಾಚಿ ಗುಂಡಿ ಒತ್ತಿದರು.