ಆರದ ಕೆಂಪು ದೀಪ

ನಮ್ಮಪ್ಪನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವರು ‘ಅಲುಗಾಡಬೇಡಿ’. ಕ್ಯಾಮೆರಾ ಕಣ್ಣಿಗೆ ಹಿಡಿದ ಮೇಲೆ ಅವರು ಆಡುವ ಮಾತು ಅದೊಂದೇ; ಮದುಮಗನಿಗೂ ಅದೇ, ಹಸುಗೂಸಿಗೂ ಅದೇ. ಆದರೆ ನಾನು ಹೇಳಹೊರಟಿರುವುದು ಅವರ ಕಥೆಯಲ್ಲ, ಅವರ ಅಕ್ಕನ ಕಥೆ, ಅಂದರೆ ನಮ್ಮತ್ತೆಯದು. ಅಪ್ಪ ನಡುವೆ ಬಂದೇ ಬರುತ್ತಾರೆ. ಕರೆಯದಿದ್ದರೂ ನಡುವೆ ಬರುವುದು ಅವರ ಜಾಯಮಾನ.

ನಮ್ಮ ಫೋಟೋ ಸ್ಟುಡಿಯೋ ತಾತನ ಕಾಲದ್ದು. ಆಗ ಅತ್ತೆ ಕಿಟಕಿಯ ಪಕ್ಕ ಕೂತು, ಕೂದಲೆಳೆಯಷ್ಟು ಸಣ್ಣ ಕುಂಚ ಹಿಡಿದು, ಪ್ರಿಂಟುಗಳ ಮೇಲಿನ ಬಿಳಿ ಚುಕ್ಕೆಗಳನ್ನು ಮುಚ್ಚುತ್ತಿದ್ದರು. ಮೊಡವೆ ಮಾಯ ಮಾಡುವುದು, ಕಪ್ಪುಗಟ್ಟಿದ ಕಣ್ಣಿನ ಸುತ್ತ ಬೆಳಕು ತರುವುದು, ಅರ್ಧ ಮುಚ್ಚಿದ ರೆಪ್ಪೆಯನ್ನು ತೆರೆಸುವುದು, ಎಲ್ಲ ಅವರ ಕೈಯಲ್ಲಿ. ಕುಂಚದ ತುದಿಯನ್ನು ತುಟಿಯ ನಡುವೆ ಇಟ್ಟು ಚೂಪು ಮಾಡಿಕೊಳ್ಳುತ್ತಿದ್ದರಂತೆ. ಕಂಪ್ಯೂಟರ್ ಬಂದಾಗ ಅವರಿಗೆ ಐವತ್ತು ದಾಟಿತ್ತು. ಹಟ ಹಿಡಿದು ಕಲಿತರು. ಈಗಲೂ ಮೌಸ್ ಒತ್ತುವ ಮೊದಲು ಅವರ ತುಟಿ ತಾನಾಗಿ ಚೂಪಾಗುತ್ತದೆ. ಅದನ್ನು ನೋಡಿ ನಾನು ನಕ್ಕರೆ, “ಹಳೇ ಚಾಳಿ ಕಣೇ, ಬಿಡು” ಎನ್ನುತ್ತಾರೆ.

ಅವರು ಮಾಡಿದ ತಪ್ಪು ಒಂದೇ ಒಂದು. ಪಕ್ಕದ ಬೀದಿಯ ಶಾಲೆಯ ಮಕ್ಕಳ ಗ್ರೂಪ್ ಫೋಟೋಗಳು ಕಂಪ್ಯೂಟರಿಗೆ ಇಳಿದಿವೆ ಎಂದುಕೊಂಡು ಕ್ಯಾಮೆರಾದ ಕಾರ್ಡು ಖಾಲಿ ಮಾಡಿದರು. ಇಳಿದಿರಲಿಲ್ಲ. ಇಡೀ ಶಾಲೆಯನ್ನು ಮತ್ತೆ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಬೇಕಾಯಿತು. ಅಪ್ಪ ಹೆಡ್ ಮೇಡಂ ಮುಂದೆ ಕೈಕಟ್ಟಿ ನಿಂತರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಪ್ಪ ಅದನ್ನೊಂದು ತಮಾಷೆಯ ಕಥೆ ಮಾಡಿಕೊಂಡು ಬಂದ ಗಿರಾಕಿಗಳಿಗೆಲ್ಲ ಹೇಳತೊಡಗಿದರು. “ನಮ್ಮಕ್ಕನ ಕೈಗೆ ಕೊಟ್ರೆ ಮುಗೀತು, ಮತ್ತೆ ಸಿಗಲ್ಲ!” ಗಿರಾಕಿಗಳು ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದರು, ಆದರೆ ಕಿವಿ ಕೆಂಪಾಗುತ್ತಿತ್ತು. ಅವತ್ತಿನಿಂದ ಅತ್ತೆ ಒಂದೇ ಒಂದು ಫೋಟೋ ಡಿಲೀಟ್ ಮಾಡಲಿಲ್ಲ. ಮಸುಕಾದದ್ದು, ಕಣ್ಣು ಮುಚ್ಚಿದ್ದು, ಅಪ್ಪ ಕೈತಪ್ಪಿ ನೆಲದ ಚಿತ್ರ ತೆಗೆದದ್ದು, ಎಲ್ಲ ಹಾಗೇ ಉಳಿದುಕೊಂಡವು.

ಇಂಥ ಹೊತ್ತಿನಲ್ಲಿ ಕಂಪ್ಯೂಟರ್ ಮೊಂಡು ಬಿತ್ತು. ಎಲ್ಲರೂ ಸಿಪಿಯು ಎಂದು ಕರೆಯುವ ಆ ಕಪ್ಪು ಡಬ್ಬದ ಮೇಲೆ ಒಂದು ಪುಟ್ಟ ಕೆಂಪು ದೀಪವಿದೆ. ಒಳಗೆ ಡಿಸ್ಕು ಕೆಲಸ ಮಾಡುವಾಗ ಮಿನುಗಿ, ಕೆಲಸ ಮುಗಿದರೆ ಆರಬೇಕು. ಅದು ಆರುವುದನ್ನೇ ಬಿಟ್ಟಿತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಬಾಗಿಲು ಹಾಕುವವರೆಗೂ ಉರಿಯುತ್ತಲೇ ಇತ್ತು. ಒಳಗಿನಿಂದ ಕಾಳು ಹುರಿದಂಥ ಸದ್ದು. ಒಂದು ಪಾಸ್‌ಪೋರ್ಟ್ ಫೋಟೋ ತೆರೆಯುವಷ್ಟರಲ್ಲಿ ಗಿರಾಕಿ ಹೋಗಿ ಕಾಫಿ ಕುಡಿದು ಬರಬಹುದಿತ್ತು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಡಿಸ್ಕ್ ಎಂಬಲ್ಲಿ ಯಾವಾಗಲೂ ನೂರು ಪರ್ಸೆಂಟ್.

ಅಪ್ಪನ ಚಿಕಿತ್ಸೆ ಶುರುವಾಯಿತು. ಮೊದಲು ಡಬ್ಬದ ನೆತ್ತಿಗೆ ಎರಡು ಏಟು. ಆಮೇಲೆ ಅದರ ಮುಖಕ್ಕೆ ಟೇಬಲ್ ಫ್ಯಾನು. ಯಾರೋ ಹೇಳಿದರೆಂದು ‘ಸ್ಪೀಡ್’ ಹೆಚ್ಚಿಸುವ ಸಾಫ್ಟ್‌ವೇರ್ ಹಾಕಿದರು. ಅದು ಇನ್ನಷ್ಟು ನಿಧಾನ ಮಾಡಿತು. ಜಾಗ ತುಂಬಿತೆಂದು ಇನ್ನೂ ದೊಡ್ಡ ಡಿಸ್ಕು ಹಾಕಿಸಿದರು. ಅದೂ ತುಂಬುತ್ತ ಬಂತು. ಕೊನೆಗೆ ಆ ಕೆಂಪು ದೀಪ ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಗಾಯಕ್ಕೆ ಅಂಟಿಸುವ ಪಟ್ಟಿ ಅಂಟಿಸಿದರು. ಅದು ನಮ್ಮಪ್ಪನ ರಿಪೇರಿ.

ಒಂದು ಬೆಳಿಗ್ಗೆ ಹೆಡ್ ಮೇಡಂ ತಮ್ಮ ಮಗಳ ಫೋಟೋ ತೆಗೆಸಲು ಬಂದು ಕಾದು ಕಾದು ಸುಸ್ತಾದರು. ಅಪ್ಪ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು: “ಏನ್ಮಾಡೋದು ಮೇಡಂ, ಅಕ್ಕ ಏನೋ ಒತ್ತಿಟ್ಟಿದಾಳೆ. ಒತ್ತಿದ್ದು ಏನು ಅಂತ ಅವಳಿಗೂ ಗೊತ್ತಿಲ್ಲ.”

ಅತ್ತೆ ತಮ್ಮ ಬೆರಳುಗಳನ್ನೇ ನೋಡಿಕೊಂಡರು, ಅವು ಬೇರೆ ಯಾರದೋ ಎಂಬಂತೆ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪನ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚಾಗಿ ಇವರು ನನ್ನಪ್ಪ ಎಂಬ ನಾಚಿಕೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಇನ್ನೊಂದು ಸುದ್ದಿ ಹೇಳಿದರು. ಮುಂದಿನ ತಿಂಗಳಿಂದ ಹೊಸ ಆಪರೇಟರ್ ಬರುತ್ತಾನೆ. ಅಕ್ಕ ಮನೆಯಲ್ಲಿ ಆರಾಮವಾಗಿರಲಿ, ವಯಸ್ಸಾಯಿತು.

“ಭಾನುವಾರ ಅಂಗಡಿ ರಜಾ ಇರತ್ತಲ್ಲ, ಅವತ್ತು ನನಗೆ ಬೀಗದ ಕೈ ಕೊಡು,” ಎಂದರು ಅತ್ತೆ. “ಕೆಡಿಸಿದ್ದು ನಾನೇ ಆದ್ರೆ ನಾನೇ ಹುಡುಕ್ತೀನಿ. ಸಿಗದಿದ್ರೆ ಮನೇಲಿ ಕೂರ್ತೀನಿ.”

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. “ಸುಮ್ನೆ ಯಾಕಕ್ಕ ತಲೆ ಕೆಡಿಸ್ಕೋತೀಯ” ಎಂದರು. ಆದರೂ ಬೀಗದ ಕೈ ಕೊಟ್ಟರು.

ಭಾನುವಾರ ಅತ್ತೆಯೂ ನಾನೂ ಅರ್ಧ ಷಟರ್ ಎಳೆದುಕೊಂಡು ಕೂತೆವು. ಕಂಪ್ಯೂಟರ್ ಹಚ್ಚಿದೊಡನೆ ತಾವಾಗಿ ಏಳುವ ಪ್ರೋಗ್ರಾಂಗಳನ್ನೆಲ್ಲ ನಿಲ್ಲಿಸಿದೆವು. ಅಪ್ಪನ ‘ಸ್ಪೀಡ್’ ಅನ್ನು ಬೇರುಸಹಿತ ಕಿತ್ತೆವು. ಫೈಲುಗಳನ್ನು ಹುಡುಕಲು ಸದಾ ಪಟ್ಟಿ ಮಾಡುತ್ತಿರುವ ಸೇವೆಯೊಂದಿರುತ್ತದೆ, ಅದನ್ನೂ ನಿಲ್ಲಿಸಿದೆವು. ಡಿಸ್ಕೇ ಸಾಯುತ್ತಿದೆಯೇನೋ ಎಂದು ಪರೀಕ್ಷೆ ಹಚ್ಚಿದರೆ, ಡಿಸ್ಕು ಗಟ್ಟಿಮುಟ್ಟಾಗಿದೆ ಎಂದು ಬಂತು. ದೀಪದ ಮೇಲೆ ಅಪ್ಪ ಅಂಟಿಸಿದ್ದ ಪಟ್ಟಿ ಕಿತ್ತು ನೋಡಿದೆ. ಕೆಂಪು ದೀಪ ಉರಿಯುತ್ತಲೇ ಇತ್ತು.

“ನಾನೇ ಏನೋ ಮಾಡಿದೀನಿ ಕಣೇ,” ಎಂದು ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. “ಅವನು ಅನ್ನೋದ್ರಲ್ಲಿ ತಪ್ಪೇನಿದೆ? ಮಕ್ಕಳ ಫೋಟೋ ಹಾಳು ಮಾಡಿದ ಕೈ ಇದು.”

“ಸುಮ್ನಿರತ್ತೆ. ಡಿಸ್ಕಿನ ಮೇಲೆ ಯಾರು ಏನು ಬರೀತಿದಾರೆ ಅಂತ ನೋಡೋಣ.”

ಕಂಪ್ಯೂಟರಿನಲ್ಲಿ ಅದನ್ನು ತೋರಿಸುವ ಕಿಟಕಿಯೊಂದಿದೆ. ಯಾವ ಪ್ರೋಗ್ರಾಂ ಯಾವ ಫೈಲನ್ನು ಎಲ್ಲಿಗೆ ಬರೆಯುತ್ತಿದೆ ಎಂಬುದೆಲ್ಲ ಅಲ್ಲಿ ಸಾಲು ಸಾಲಾಗಿ ಓಡುತ್ತಿರುತ್ತದೆ. ಎಲ್ಲಕ್ಕಿಂತ ಮೇಲೆ ಇದ್ದದ್ದು ಫೋಟೋಗಳ ನಕಲು ಮಾಡಿಡುವ ಒಂದು ಸಣ್ಣ ಪ್ರೋಗ್ರಾಂ. ನಾನೂ ಹಾಕಿರಲಿಲ್ಲ, ಅತ್ತೆಯೂ ಹಾಕಿರಲಿಲ್ಲ. ಅದು ಬರೆಯುತ್ತಿದ್ದ ಜಾಗದ ವಿಳಾಸ ಪರದೆಯ ಅಗಲಕ್ಕೂ ಹಿಡಿಸದಷ್ಟು ಉದ್ದವಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದರು.

“ಫೋಟೋಗಳು... ಅಕ್ಕ ಡಿಲೀಟ್ ಮಾಡಿದ್ರೆ... ಫೋಟೋಗಳು... ಅಕ್ಕ ಡಿಲೀಟ್ ಮಾಡಿದ್ರೆ... ಫೋಟೋಗಳು... ಅಕ್ಕ...”

ಮುಂದೆ ಓದಲಿಲ್ಲ.

ನನಗೆ ತಿಳಿಯಲು ತಡವಾಗಲಿಲ್ಲ. ಶಾಲೆಯ ಪ್ರಸಂಗದ ನಂತರ ಅಪ್ಪ ಯಾರಿಗೂ ಹೇಳದೆ ಆ ಪ್ರೋಗ್ರಾಂ ಹಾಕಿದ್ದರು. ‘ಫೋಟೋಗಳು’ ಎಂಬ ಫೋಲ್ಡರಿನಲ್ಲಿ ಇರುವುದನ್ನೆಲ್ಲ ಅದು ‘ಅಕ್ಕ ಡಿಲೀಟ್ ಮಾಡಿದ್ರೆ’ ಎಂಬ ಇನ್ನೊಂದಕ್ಕೆ ನಕಲು ಮಾಡಬೇಕು. ಆದರೆ ಆ ಇನ್ನೊಂದನ್ನು ಅವರು ಮೊದಲಿನದರ ಹೊಟ್ಟೆಯೊಳಗೇ ಇಟ್ಟಿದ್ದರು. ಹಾಗಾಗಿ ಅದು ನಕಲನ್ನೂ ನಕಲು ಮಾಡುತ್ತ, ಆ ನಕಲಿನ ನಕಲನ್ನೂ ನಕಲು ಮಾಡುತ್ತ, ಹಗಲಿಡೀ ತನ್ನನ್ನೇ ತಾನು ಹೊತ್ತು ತಿರುಗುತ್ತಿತ್ತು. ಒಂದರೊಳಗೊಂದು ತೆರೆದಷ್ಟೂ ಅತ್ತೆಯ ಮೇಲಿನ ಅಪನಂಬಿಕೆ ಅದೇ ಅಕ್ಷರಗಳಲ್ಲಿ ಸಿಗುತ್ತ ಹೋಯಿತು.

ಷಟರಿನ ಕೆಳಗಿನಿಂದ ಅಪ್ಪ ಬಗ್ಗಿ ಒಳಗೆ ಬಂದರು. ಪರದೆ ನೋಡಿದರು. ಜನ್ಮವಿಡೀ ಬೇರೆಯವರಿಗೆ ಅಲುಗಾಡಬೇಡಿ ಎಂದ ಮನುಷ್ಯ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡುವುದನ್ನೂ ಮರೆತು ನಿಂತರು.

“ನಿನಗೆ ಗೊತ್ತಿತ್ತಾ?” ಅತ್ತೆ ಕೇಳಿದರು.

“ಹಾಕಿದ್ದೇ ಮರೆತಿದ್ದೆ ಅಕ್ಕ. ಆಮೇಲೆ ಅನುಮಾನ ಬಂತು. ತೆಗೆದು ನೋಡೋಣ ಅಂದ್ರೆ ನೀನು ಯಾವಾಗ್ಲೂ ಇಲ್ಲೇ ಕೂತಿರ್ತಿದ್ದೆ. ಆ ಹೆಸರು ನಿನ್ನ ಕಣ್ಣಿಗೆ ಬಿದ್ರೆ ಅಂತ...”

“ಅದಕ್ಕೆ ಈ ಕುರ್ಚಿಯಿಂದ ನನ್ನನ್ನೇ ಎಬ್ಬಿಸೋಕೆ ಹೊರಟೆ.”

ನಾನು ತಲೆ ಬೇರೆ ಕಡೆ ತಿರುಗಿಸಿಕೊಂಡೆ. ಹೆತ್ತ ಅಪ್ಪನ ಮುಖ ಹಾಗೆ ಇಳಿದದ್ದನ್ನು ನೋಡುವುದೂ ಒಂದು ಶಿಕ್ಷೆಯೇ.

ಪ್ರೋಗ್ರಾಂ ನಿಲ್ಲಿಸಿದೆ. ಇನ್ನು ಆ ಫೋಲ್ಡರನ್ನು ತೆಗೆಯಬೇಕು. ಅತ್ತೆ ಅದನ್ನು ಆರಿಸಿದರು. ಶಾಶ್ವತವಾಗಿ ಡಿಲೀಟ್ ಮಾಡಬೇಕೆ ಎಂದು ಕಂಪ್ಯೂಟರ್ ಕೇಳಿತು. ಅವರ ತುಟಿ ಚೂಪಾಯಿತು, ಬೆರಳು ಮಾತ್ರ ಮುಂದೆ ಹೋಗಲಿಲ್ಲ. ಕುರ್ಚಿಯಿಂದ ಎದ್ದರು.

“ನೀನೇ ಒತ್ತು. ನಾನು ಒತ್ತಿದ್ರೆ ನಾಳೆ ಅದೂ ಒಂದು ಕಥೆಯಾಗತ್ತೆ.”

ಅಪ್ಪ ಬಂದು ಒತ್ತಿದರು. ಅಷ್ಟೆಲ್ಲ ಅಳಿದು ಹೋಗಲು ಮಧ್ಯಾಹ್ನ ಕಳೆಯಿತು. ಮೂವರೂ ಡಬ್ಬದ ಕಡೆ ನೋಡುತ್ತ ಕೂತಿದ್ದೆವು. ದೀಪ ಮಿನುಗಿತು, ಮತ್ತೆ ಮಿನುಗಿತು, ಆಮೇಲೆ ಆರಿತು.

ಮರುದಿನ ಹೆಡ್ ಮೇಡಂ ಮಗಳನ್ನು ಕರೆದುಕೊಂಡು ಮತ್ತೆ ಬಂದರು. ಹುಡುಗಿ ಗೋಡೆಗೆ ಇಳಿಬಿಟ್ಟ ಬಟ್ಟೆಯ ಪರದೆಯ ಮುಂದೆ ಕೂತಳು, ಅಪ್ಪ ಕ್ಯಾಮೆರಾ ಎತ್ತಿದರು. ಮೇಡಂ ಅತ್ತೆಯ ಕಡೆ ತಿರುಗಿ ನಗುತ್ತ ಕೇಳಿದರು: “ಏನಮ್ಮ, ಅದೇನೋ ಒತ್ತಿಟ್ಟಿದ್ರಂತಲ್ಲ, ಸರಿಹೋಯ್ತಾ?”

ಅತ್ತೆ ಎಂದಿನಂತೆ ನಗಲು ಹೊರಟರು. ಕಿವಿ ಆಗಲೇ ಕೆಂಪಾಗಿತ್ತು.

“ಒತ್ತಿದ್ದು ಅಕ್ಕ ಅಲ್ಲ ಮೇಡಂ,” ಎಂದರು ಅಪ್ಪ. ಕ್ಯಾಮೆರಾ ಕಣ್ಣಿಗೆ ಹಿಡಿದೇ ಇತ್ತು, ಮುಖ ಕಾಣುತ್ತಿರಲಿಲ್ಲ. “ನಾನು. ಗೊತ್ತಿದ್ದೂ ಅವಳ ತಲೆಗೆ ಕಟ್ಟಿದೆ. ಸರಿ ಮಾಡಿದ್ದು ಅಕ್ಕ.” ಅಷ್ಟರಲ್ಲಿ ಬೆರಳು ಗುಂಡಿ ಒತ್ತಿಬಿಟ್ಟಿತು.

ಮೇಡಂ “ಅಯ್ಯೋ, ಹೋಗ್ಲಿ ಬಿಡಿ” ಎಂದರು. ಅಪ್ಪ ಕಾರ್ಡು ತೆಗೆದು ಅತ್ತೆಗೆ ಕೊಟ್ಟು, ತಲೆ ತಗ್ಗಿಸಿ ನಿಂತರು. ಫೋಟೋ ತಕ್ಷಣ ಕಂಪ್ಯೂಟರಿನ ಪರದೆಯ ಮೇಲೆ ತೆರೆಯಿತು. ಹುಡುಗಿ ಅಲುಗಾಡಿರಲಿಲ್ಲ. ಅಲುಗಾಡಿದ್ದು ಅಪ್ಪನ ಕೈ. ಹುಡುಗಿಯ ಮುಖವೆಲ್ಲ ಕಲಸಿಹೋಗಿತ್ತು.

“ಇನ್ನೊಂದು ತೆಗಿ,” ಎಂದರು ಅತ್ತೆ.

ಆಮೇಲೆ ತುಟಿ ಚೂಪು ಮಾಡಿಕೊಂಡು, ಯಾರನ್ನೂ ಕೇಳದೆ, ಆ ಕೆಟ್ಟ ಫೋಟೋವನ್ನು ಡಿಲೀಟ್ ಮಾಡಿದರು.