ಗರಾಜಿಗೆ ಹೋದ ಗ್ರೈಂಡರ್

ಎಲ್ಲರಿಗೂ ಹೊಟ್ಟೆಕಿಚ್ಚು ಹೊಟ್ಟೆಯಲ್ಲಿ ಹುಟ್ಟಿದರೆ ನನಗೆ ಗರಾಜಿನಲ್ಲಿ ಹುಟ್ಟಿತು. ಅದೂ ನನ್ನದೇ ಗರಾಜು, ನನ್ನದೇ ಗ್ರೈಂಡರಿನ ಪಕ್ಕ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮೈಸೂರಿನ ಮೋಟರ್ ರೀವೈಂಡಿಂಗ್ ಅಂಗಡಿ ಸೇರಿದವನು. ಸುಟ್ಟ ಕಾಯಿಲ್ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ ಅನ್ನ ಕಂಡವನು. ಅಕ್ಕ ಕರೆಸಿಕೊಂಡದ್ದರಿಂದ ಅಮೆರಿಕದ ಮಿಶಿಗನ್ನಿಗೆ ಬಂದೆ. ಈಗ ಪ್ಲಿಮತ್‌ನ ಕಾರ್ಖಾನೆಯೊಂದರಲ್ಲಿ ಮೋಟರುಗಳನ್ನೇ ನೋಡಿಕೊಳ್ಳುತ್ತೇನೆ. ನಾವಿರುವ ನೋವೈ ಊರಿನ ಸುತ್ತಿನ ಕನ್ನಡದ ಮನೆಗಳಲ್ಲಿ ಮಿಕ್ಸಿ ಕೆಮ್ಮಿದರೂ ಫೋನು ನನಗೇ ಬರುತ್ತಿತ್ತು. ಡಾಕ್ಟರುಗಳು, ಇಂಜಿನಿಯರುಗಳು ಟಾರ್ಚ್ ಹಿಡಿದು ನನ್ನ ಹಿಂದೆ ನಿಲ್ಲುತ್ತಿದ್ದರು. ಆ ಬೆಳಕು ನನಗೆಷ್ಟು ಹಿಡಿಸಿತ್ತೆಂದು ನಿಮಗಲ್ಲದೆ ಯಾರಿಗೂ ಹೇಳಿಲ್ಲ.

ಆಮೇಲೆ ಪಕ್ಕದ ಮನೆಗೆ ಶ್ರೀಧರ ಬಂದ. ಬೆಂಗಳೂರಿನ ಹುಡುಗ, ಕಾರು ಕಂಪನಿಯಲ್ಲಿ ಇಂಜಿನಿಯರ್, ನಯವಾದ ಮಾತು. ಫೋನುಗಳು ಒಂದೊಂದಾಗಿ ಅವನ ಕಡೆ ತಿರುಗಿದವು.

ಹೀಗಿರುವಾಗ ನಮ್ಮ ಗ್ರೈಂಡರ್ ಮುನಿಸಿಕೊಂಡಿತು. ಅದರ ಗದ್ದಲಕ್ಕೆ, ಮನೆಯಿಂದಲೇ ಕೆಲಸ ಮಾಡುವ ಮಗಳ ಆಫೀಸ್ ಮೀಟಿಂಗು ಕೆಡುತ್ತದೆಂದು ಗರಾಜಿಗೆ ಸಾಗಿಸಿದ್ದೆ. ಅಲ್ಲಿದ್ದ ಒಂದೇ ಪ್ಲಗ್ಗನ್ನು ಫ್ರೀಜರ್ ಹಿಡಿದಿತ್ತು; ದೀಪಾವಳಿಯ ಸರದೀಪಕ್ಕೆಂದು ಇಟ್ಟಿದ್ದ ಉದ್ದನೆಯ ವೈರನ್ನು ಅಡುಗೆಮನೆಯಿಂದ ಎಳೆದು ಕೊಟ್ಟೆ. ಅಕ್ಕಿ ಹಾಕಿದರೆ ಕಲ್ಲು ತಿರುಗದೆ ಗುಂಯ್ ಎನ್ನುವುದು, ಮೋಟರು ಕೆಂಡವಾಗುವುದು. ಭಾನುವಾರಗಳನ್ನೆಲ್ಲ ಅದಕ್ಕೇ ಕೊಟ್ಟೆ. ಕೆಪಾಸಿಟರ್ ಬದಲಿಸಿದೆ, ಬೇರಿಂಗಿಗೆ ಗ್ರೀಸ್ ಹಾಕಿದೆ, ತಯಾರಿಸಿದವರನ್ನು ಬೈದೆ.

ಒಂದು ಸಂಜೆ ಕೆಲಸದಿಂದ ಬಂದರೆ ಗ್ರೈಂಡರ್ ಗರಗರ ತಿರುಗುತ್ತಿದೆ. ಪಕ್ಕದಲ್ಲಿ ಶ್ರೀಧರ. ಅವನ ಕೈಯಲ್ಲಿ, ನೆಂಟರಿಗೆಂದು ಎತ್ತಿಟ್ಟ ನಮ್ಮ ಒಂದೇ ಒಂದು ಬೆಳ್ಳಿ ಲೋಟದಲ್ಲಿ ಕಾಫಿ.

“ಅಂಕಲ್, ಮೋಟರ್ ಸೂಪರಾಗಿದೆ. ವೈರ್ ತೆಳು, ಉದ್ದ ಬೇರೆ. ದಪ್ಪದ್ದು ಹಾಕ್ದೆ, ಅಷ್ಟೇ.”

ಅಷ್ಟೇ! ಊರಿನ ಅರ್ಧದಷ್ಟು ವೋಲ್ಟೇಜಿನ ಈ ದೇಶದಲ್ಲಿ ಅದೇ ಕೆಲಸಕ್ಕೆ ಮೋಟರು ಎರಡರಷ್ಟು ಕರೆಂಟು ಎಳೆಯುತ್ತದೆ. ತೆಳು ವೈರು ದಾರಿಯಲ್ಲೇ ತನ್ನ ಪಾಲು ನುಂಗಿಬಿಡುತ್ತದೆ. ಕಾರ್ಖಾನೆಯಲ್ಲಿ ಇದು ನನಗೆ ಗೊತ್ತು. ಮನೆಯಲ್ಲಿ ಮಾತ್ರ ನಾನಿನ್ನೂ ಮೈಸೂರಿನಲ್ಲೇ ಇದ್ದೆ. ಅಲ್ಲಿ ಇಂಥ ವೈರಿನಲ್ಲಿ ಮದುವೆಮನೆಯ ಗ್ರೈಂಡರೇ ಓಡುತ್ತಿತ್ತು.

ಅವನು ಹೋದ ಮೇಲೆ ಹೆಂಡತಿ ಸರೋಜಳನ್ನು ಹಿಡಿದುಕೊಂಡೆ. “ನಾನೇನು ಸತ್ತು ಹೋಗಿದ್ನಾ? ಅವನನ್ಯಾಕೆ ಕರೆದೆ?”

“ನೀವು ಬಂದ್ರೆ ಸೀದಾ ಸ್ಕ್ರೂ ಬಿಚ್ತೀರ. ಆ ಹುಡುಗ ಮೊದಲು ‘ಆಂಟಿ, ಯಾವಾಗಿಂದ ಹೀಗಾಗ್ತಿದೆ?’ ಅಂತ ಕೇಳ್ದ. ಗರಾಜಿಗೆ ತಂದಾಗಿಂದ ಅಂದೆ. ವೈರ್ ಹಿಡ್ಕೊಂಡೇ ಅಡುಗೆಮನೆ ಪ್ಲಗ್ಗಿನವರೆಗೂ ನಡೆದ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀವು ಕೇಳಿದ್ರಾ?”

ಇಷ್ಟು ದಿನ ಅವನ ಡಿಗ್ರಿಗೆ, ಕರೆಂಟು ಅಳೆಯುವ ಅವನ ಹೊಸ ಮೀಟರಿಗೆ ಹೊಟ್ಟೆ ಉರಿಸಿಕೊಂಡಿದ್ದೆ. ಉರಿಸಿಕೊಳ್ಳಬೇಕಾದದ್ದು ಆ ಒಂದು ಪ್ರಶ್ನೆಗೆ.

ಮರುದಿನದ ದೋಸೆ ಗರಿಗರಿಯಾಗಿತ್ತು. ಸರೋಜ ಕಾವಲಿಯ ಮುಂದೆ ಸೊಂಟ ಹಿಡಿದುಕೊಂಡು ನಿಂತಿದ್ದಳು. ‘ಇನ್ನೊಂದು ಹಾಕು’ ಎನ್ನಲು ಹೊರಟವನು ತಡೆದು ಕೇಳಿದೆ: “ಸೊಂಟ ನೋವು ಯಾವಾಗಿಂದ?”

ಅವಳು ತಿರುಗಿ ನನ್ನನ್ನೇ ನೋಡಿದಳು. “ಗ್ರೈಂಡರ್ ಗರಾಜಿಗೆ ಹೋದಾಗಿಂದ. ಹಿಟ್ಟಿನ ಪಾತ್ರೆ ಹೊತ್ಕೊಂಡು ಮೆಟ್ಟಿಲು ಹತ್ತೋರು ಯಾರು?”

ಆ ಭಾನುವಾರ ಗ್ರೈಂಡರನ್ನು ಅಡುಗೆಮನೆಗೆ ವಾಪಸು ತಂದೆ. ಮಗಳ ಮೀಟಿಂಗು ಬೇಕಾದರೆ ಗರಾಜಿಗೆ ಹೋಗಲಿ. ಭಾರ ಎತ್ತಲು ಶ್ರೀಧರನನ್ನು ಕರೆಯೋಣವೇ ಎಂದಳು ಸರೋಜ. ಬೇಡವೆಂದೆ. ನಮ್ಮಲ್ಲಿ ಬೆಳ್ಳಿ ಲೋಟ ಇರುವುದು ಒಂದೇ; ಆ ದಿನ ಅದರಲ್ಲಿ ನಾನು ಕುಡಿಯಬೇಕಿತ್ತು.