ಗಾಡಿ ಹತ್ತಿದ ಏಳು ಜನ

"ಅಕ್ಕಾ, ನಿಮ್ಮ ಗಾಡಿ ತುಂಬಿ ಓಡೋದು ಜಾಸ್ತಿಯೋ, ಖಾಲಿ ಓಡೋದೋ?"

ಮೊನ್ನೆ ಸೋಮವಾರ ಕೊಪ್ಪದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಇಲಿಯಾಸಣ್ಣ ಹೀಗೆ ಕೇಳಿದಾಗ ನಾನು ತಡವರಿಸಿದೆ. ಪಿಕಪ್ಪಿನ ಹಿಂದಿನ ಟೈರುಗಳು ಸವೆದು ನುಣ್ಣಗಾಗಿದ್ದವು, ಬದಲಾಯಿಸಲು ಹೋಗಿದ್ದೆ. ಟೈರು ಕೊಳ್ಳಲಿಕ್ಕೂ ಪರೀಕ್ಷೆ ಬರೆಯಬೇಕೆಂದು ಯಾರಿಗೆ ಗೊತ್ತಿತ್ತು?

ನಮ್ಮದು ಸೀತೂರಿನಲ್ಲಿ ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಕಸುಬು. ನಮ್ಮ ಯಜಮಾನರು ಇರುವಾಗ ಗಾಡಿ ಅವರದು, ಪಾತ್ರೆ ನನ್ನದು. ಆರು ತಿಂಗಳ ಹಿಂದೆ ಅವರು ತೀರಿಕೊಂಡ ಮೇಲೆ ಎರಡೂ ನನ್ನ ತಲೆಗೇ ಬಂತು. (ಈ ಅಂಕಣದಲ್ಲಿ ಉಪ್ಪಿನಕಾಯಿಯ ಬಗ್ಗೆ ಬರೆಯುತ್ತಿದ್ದವಳು ಟೈರಿನ ಬಗ್ಗೆ ಬರೆಯುತ್ತಿದ್ದಾಳೆ. ಸಹಿಸಿಕೊಳ್ಳಿ.)

ಡ್ರೈವರ್ ಸತೀಶನ ಪ್ಲಾನು ದೊಡ್ಡದು. ಅಗಲದ ಟೈರು ಹಾಕಬೇಕು, ಹಿಂದೆ ಇನ್ನೊಂದು ಪ್ಲೇಟು ಸೇರಿಸಬೇಕು. ಹಿಂದಿನ ಚಕ್ರದ ಹತ್ತಿರ ಬಾಗಿದ ಕಬ್ಬಿಣದ ಪಟ್ಟಿಗಳು ಒಂದರ ಮೇಲೊಂದು ಇರುತ್ತವಲ್ಲ, ಅವೇ ಪ್ಲೇಟು. ಹೋದ ವರ್ಷ ಯಜಮಾನರೇ ಒಂದು ಹೆಚ್ಚಿಗೆ ಹಾಕಿಸಿದ್ದರು.

"ಇನ್ನೊಂದು ಹಾಕಿದ್ರೆ ಶೃಂಗೇರಿ ಆರ್ಡರ್ ಒಂದೇ ಟ್ರಿಪ್ಪಿಗೆ ಮುಗೀತದೆ ಅಕ್ಕ. ಬೆಂಗಳೂರಲ್ಲಿ ಕರೆಂಟಿನ ಕಾರೇ ಓಡ್ತಿದೆಯಂತೆ, ನಾವು ಒಂದು ಪ್ಲೇಟಿಗೆ ಯೋಚನೆ ಮಾಡ್ತಾ ಕೂತಿದೀವಿ" ಎಂದ ಸತೀಶ.

"ನಮ್ಮೂರ ಕರೆಂಟ್ ನಂಬಿದ್ರೆ ಸೀತೂರಿಂದ ಕೊಪ್ಪಕ್ಕೆ ಗಾಡಿ ತಳ್ಕೊಂಡೇ ಬರ್ಬೇಕು ಮಾರಾಯ" ಎಂದರು ಇಲಿಯಾಸಣ್ಣ.

ನಾನು ಲೆಕ್ಕ ಹಾಕಿ ಹೇಳಿದೆ. ಪಾತ್ರೆ ಒಯ್ಯುವಾಗ ತುಂಬಿ, ಇಳಿಸಿ ಬರುವಾಗ ಖಾಲಿ. ಮರುದಿನ ತರಲು ಹೋಗುವಾಗ ಖಾಲಿ, ಬರುವಾಗ ತುಂಬಿ. ಅರ್ಧಕ್ಕರ್ಧ.

"ಹಾಗಾದ್ರೆ ಯೋಚನೆ ಮಾಡಿ. ಪ್ಲೇಟು ಜಾಸ್ತಿ ಆದಷ್ಟೂ ಲೋಡು ತಡೀತದೆ. ಆದ್ರೆ ಖಾಲಿ ಇದ್ದಾಗ ಗಾಡಿ ಎಗರ್ತದೆ. ಮೇಲೆ ಭಾರ ಬಿದ್ರೇನೇ ಅದು ಮೆತ್ತಗಾಗೋದು. ಅದಕ್ಕೇ ಅಲ್ವಾ ನಮ್ಮ ಕಡೆ ಪೇಷಂಟ್ ಮಲಗಿಸ್ಕೊಂಡು ಹೋಗುವಾಗ ಆರೇಳು ಜನ ಹತ್ತಿ ಕೂರೋದು?"

ಮಾತು ಮುಗಿಸಿ ಅವರು ಸ್ಪ್ಯಾನರ್ ಹುಡುಕಲು ಒಳಗೆ ಹೋದರು. ಸತೀಶ ತಲೆಯೆತ್ತಲಿಲ್ಲ. ಮುಂದಿನ ಟೈರಿನ ಸಂದಿಯಲ್ಲಿದ್ದ ಕಲ್ಲು ಕೀಳತೊಡಗಿದ. ಅವನಿಗೆ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ.

ಆರು ತಿಂಗಳ ಹಿಂದೆ, ಅವತ್ತು, ಊರಿನ ಮದುವೆ ಮನೆಯೊಂದರಲ್ಲಿ ಶಾಮಿಯಾನ ಕಟ್ಟುವಾಗ ಯಜಮಾನರು ಏಣಿಯಿಂದ ಬಿದ್ದರು. ಸೊಂಟ ಅಲುಗಾಡಿಸಲು ಆಗುತ್ತಿರಲಿಲ್ಲ. ಹಾಸಿಗೆ ಹಾಸಿ ಪಿಕಪ್ಪಿನಲ್ಲಿ ಮಲಗಿಸಿದೆವು. ಕೂಡಲೇ ಊರಿನ ಏಳು ಗಂಡಸರು, ಯಾರೂ ಕರೆಯದೆ, ಒಬ್ಬೊಬ್ಬರಾಗಿ ಹತ್ತಿ ಅಂಚಿನಲ್ಲಿ ಕುಳಿತರು.

ನನಗೆ ಎಲ್ಲಿತ್ತೋ ಸಿಟ್ಟು! "ಇದೇನು ಮೆರವಣಿಗೆಯಾ? ಅವರಿಗೆ ಗಾಳಿ ಬೇಕು. ಇಳೀರಿ ಎಲ್ಲ!"

ಏಳೂ ಜನ ಇಳಿದರು. ಒಬ್ಬರೂ ಎದುರು ಮಾತಾಡಲಿಲ್ಲ.

ಸತೀಶ ನಿಧಾನವಾಗಿಯೇ ಓಡಿಸಿದ. ಆದರೂ ಗುಂಡಿ ಗುಂಡಿಗೂ ಗಾಡಿ ಎಗರಿತು. ಯಜಮಾನರು ಮೊದಲು ಹಲ್ಲು ಕಚ್ಚಿದರು, ಆಮೇಲೆ ಅದೂ ಆಗದೆ ಕೂಗಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಅವರ ಆ ದನಿ ಕೇಳಿರಲಿಲ್ಲ. ಐದನೇ ದಿನ ಆಸ್ಪತ್ರೆಯಲ್ಲೇ ಹೋದರು. ಪೆಟ್ಟು ಒಳಗೆ ಬಿದ್ದಿತ್ತು, ಹೇಗೆ ಕರೆತಂದಿದ್ದರೂ ಅಷ್ಟೇ ಎಂದರು ಡಾಕ್ಟರು. ಇರಬಹುದು. ಆದರೆ ದಾರಿಯ ಆ ನೋವು? ಅದು ಪೆಟ್ಟಿನ ಜೊತೆ ಬಂದದ್ದಲ್ಲ. ಅದನ್ನು ಕೊಟ್ಟವಳು ನಾನು.

ಗ್ಯಾರೇಜಿನಿಂದ ಬಂದವಳು ಸೀದಾ ತಿಮ್ಮಪ್ಪಣ್ಣನ ಮನೆಗೆ ಹೋದೆ. ಅವತ್ತು ಮೊದಲು ಹತ್ತಿದವನು, ಕೊನೆಗೆ ಇಳಿದವನು ಅವನೇ. ಊರಿಗೇ ದಪ್ಪ ಆಳು.

"ಭಾರಕ್ಕೆ ಹತ್ತಿದ್ದು ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಳೋ ಹೊತ್ತಾ ಅದು ಮಾರಾಯ್ತಿ? ನಿನ್ನ ಮುಖ ನೀನು ನೋಡ್ಕೊಂಡಿರಲಿಲ್ಲ. ಒಬ್ಬೊಬ್ಬರನ್ನೇ ಎತ್ತಿ ಒಗೀತೀಯ ಅಂತ ಮಾಡಿದ್ವಿ." ಹೊಟ್ಟೆ ಸವರಿಕೊಂಡ. "ನನ್ನ ಈ ಮೈಯಿಂದ ಯಾರಿಗೂ ಉಪಕಾರ ಆಗಿದ್ದಿಲ್ಲ. ಅವತ್ತೊಂದು ದಿನ ಆಗ್ತಿತ್ತು."

ನಗಬೇಕೆಂದು ಹೇಳಿದ ಮಾತು. ಇಬ್ಬರಿಗೂ ನಗಲು ಆಗಲಿಲ್ಲ. ಅವನ ಹೆಂಡತಿ ಕಾಫಿ ತಂದಿಟ್ಟಳು. ಕುಡಿದು ಎದ್ದೆ.

ಇಲಿಯಾಸಣ್ಣನಿಗೆ ಫೋನ್ ಮಾಡಿ ಹೇಳಿದೆ: ಒಳ್ಳೆಯ ಟೈರು ಹಾಕಿ, ಅಗಲ ಮೊದಲಿನಷ್ಟೇ ಇರಲಿ. ಹೊಸ ಪ್ಲೇಟು ಬೇಡ, ಹೋದ ವರ್ಷ ಹಾಕಿದ್ದನ್ನೂ ಬಿಚ್ಚಿ. ಸತೀಶನಿಗೆ ಬೇಸರವಾಗಿದೆ. ಆಗಲಿ, ಶೃಂಗೇರಿಗೆ ಎರಡು ಟ್ರಿಪ್ ಹೋಗೋಣ. ನಮ್ಮೂರಲ್ಲಿ ಈ ಗಾಡಿ ಪಾತ್ರೆಯನ್ನಷ್ಟೇ ಹೊರುವುದಿಲ್ಲ. ನಾಳೆ ಯಾರ ಮನೆಯವರು ಬಂದು ಬಾಗಿಲು ಬಡಿಯುತ್ತಾರೋ.

ದುಃಖದಲ್ಲಿರುವವರು ಏನು ಹೇಳಿದರೂ ನಡೆಯುತ್ತದೆ, ಊರೇ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಅದು ಊರಿನವರ ದೊಡ್ಡತನ. ಆದರೆ "ಇಳೀರಿ" ಅಂದಷ್ಟೇ ಹೊತ್ತು ಸಾಕಿತ್ತಲ್ಲವೇ, "ಯಾಕೆ ಹತ್ತಿದ್ರಿ" ಅಂತ ಕೇಳಲಿಕ್ಕೂ?